ಹಳೆ ಮನೆ ಕೊಂಡು, ಕೈಯಾರೆ ರಿಪೇರಿ ಮಾಡಿ ಮಾರುವುದು: ದಾವಣಗೆರೆಯಲ್ಲಿ ಲಾಭ ಎಲ್ಲಿ ಸೋರುತ್ತದೆ?

ಕರಣೆ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ. ನಿಟುವಳ್ಳಿಯಲ್ಲೋ ಕೆಟಿಜೆ ನಗರದಲ್ಲೋ 30×40 ಸೈಟಿನಲ್ಲಿ ಮೂವತ್ತು ವರ್ಷದ ಹಿಂದೆ ಕಟ್ಟಿದ ಆರ್‌ಸಿಸಿ ಮನೆಯೊಂದನ್ನು 40 ಲಕ್ಷಕ್ಕೆ ಕೊಂಡಿರಿ ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಅಲ್ಲಿನ ರೇಟ್ ಅಂತಲ್ಲ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 3 ಲಕ್ಷದ 4 ಸಾವಿರ. ಮನೆಯ ಬೀಗ ತೆಗೆಯುವ ಮೊದಲೇ ಇಷ್ಟು ಹೋಯಿತು.

25 ಲಕ್ಷ ಸಾಲ ಮಾಡಿದ್ದೀರಿ, ಬಡ್ಡಿ ವರ್ಷಕ್ಕೆ ಶೇ 10. ತಿಂಗಳಿಗೆ 20,833 ರೂಪಾಯಿ. ಆರು ತಿಂಗಳಿಗೆ 1 ಲಕ್ಷದ 25 ಸಾವಿರ. ರಿಪೇರಿಗೆ 6 ಲಕ್ಷ, ಕೊಳ್ಳುವಾಗಲೂ ಮಾರುವಾಗಲೂ ದಲ್ಲಾಳಿಗೆ ಶೇ 1ರಂತೆ ಸುಮಾರು 95 ಸಾವಿರ. ಎಲ್ಲ ಕೂಡಿಸಿದರೆ 51 ಲಕ್ಷದ 24 ಸಾವಿರ. 55 ಲಕ್ಷಕ್ಕೆ ಮಾರಿದರೆ ಕೈಗೆ ಉಳಿಯುವುದು 3 ಲಕ್ಷದ 76 ಸಾವಿರ, ಅದೂ ತೆರಿಗೆ ಕಟ್ಟುವ ಮುಂಚೆ. ‘ಹದಿನೈದು ಲಕ್ಷ ಹೆಚ್ಚಿಗೆ ಮಾರಿದ’ ಎಂದು ಓಣಿಯವರು ಆಡಿಕೊಳ್ಳುವ ವ್ಯವಹಾರದ ಒಳಗುಟ್ಟು ಇಷ್ಟೇ.

ಕೈಯಾರೆ ಕೆಲಸ ಮಾಡುವುದರ ಬೆಲೆ ತಿಳಿಯುವುದು ಇಲ್ಲೇ. ಆ 6 ಲಕ್ಷದಲ್ಲಿ ಒಂದೂಕಾಲು ಲಕ್ಷದ ಕೂಲಿಯನ್ನು ನಿಮ್ಮ ಕೈಗೇ ಉಳಿಸಿಕೊಂಡರೆ ಲಾಭ ಮೂರನೇ ಒಂದು ಪಾಲು ಏರುತ್ತದೆ. ಆದರೆ ಭಾನುವಾರವಷ್ಟೇ ಕೆಲಸ ಮಾಡುತ್ತಾ ಆರು ತಿಂಗಳ ಕೆಲಸ ವರ್ಷಕ್ಕೆ ಎಳೆದರೆ ಉಳಿಸಿದ ಕೂಲಿಯೆಲ್ಲ ಬಡ್ಡಿಗೆ ಸರಿಯಾಗುತ್ತದೆ. ಹಾಗಾಗಿ ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ: ಇದು ನನ್ನಿಂದ ಆಗುತ್ತದೆಯೇ, ಮತ್ತು ಮೇಸ್ತ್ರಿ ಮಾಡುವುದರ ಎರಡು ಪಟ್ಟು ಸಮಯದೊಳಗೆ ಆಗುತ್ತದೆಯೇ.

ತೆರಿಗೆಯ ಒಂದು ಮಾತು. 24 ತಿಂಗಳೊಳಗೆ ಮಾರಿದರೆ ಲಾಭ ಅಲ್ಪಾವಧಿಯದು, ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ. ಮನೆ ಮೇಲೆ ಮನೆ ಮಾರುತ್ತಾ ಹೋದರೆ ಅದನ್ನು ವ್ಯಾಪಾರದ ಆದಾಯವೆಂದೇ ನೋಡಬಹುದು. ನಿಮ್ಮ ಬೆವರಿಗೆ ಬಿಲ್ ಇಲ್ಲ, ಹಾಗಾಗಿ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ. ಸಾಮಾನಿನ ಜಿಎಸ್‌ಟಿ ಬಿಲ್‌ಗಳನ್ನಾದರೂ ಒಂದು ಫೈಲಿಗೆ ಹಾಕಿಡಿ. ಅಂಗಡಿಯವರು ‘ಬಿಲ್ ಇಲ್ಲದೆ ಕಮ್ಮಿಗೆ ಕೊಡ್ತೀನಿ’ ಎಂದಾಗ ನಿಮಗೆ ಲಾಭ ಆಗುತ್ತಿಲ್ಲ, ಅವರಿಗೆ ಆಗುತ್ತಿದೆ.

ನೋಡಲು ಹೋದಾಗ

ಜೇಬಿನಲ್ಲಿ ಟಾರ್ಚ್, ಐದು ರೂಪಾಯಿ ನಾಣ್ಯ, ಆರಿಂಚಿನ ಮೊಳೆ, ಒಂದು ಗೋಲಿ ಇರಲಿ. ನಾಣ್ಯದಿಂದ ಗೋಡೆ, ಟೈಲ್ ತಟ್ಟುತ್ತಾ ಹೋಗಿ. ಗಟ್ಟಿ ಗಾರೆ ‘ಟಣ್’ ಎನ್ನುತ್ತದೆ, ಬಿಟ್ಟುಕೊಂಡ ಗಾರೆ ಖಾಲಿ ಡಬ್ಬದ ಹಾಗೆ ‘ಡೊಬ್’ ಎನ್ನುತ್ತದೆ. ಮೊಳೆಯನ್ನು ಬಾಗಿಲ ಚೌಕಟ್ಟಿನ ಬುಡಕ್ಕೆ ಒತ್ತಿ ನೋಡಿ. ಬೆಣ್ಣೆಗೆ ಚುಚ್ಚಿದಂತೆ ಒಳಹೋದರೆ ಗೆದ್ದಲು ತಿಂದು ಬಣ್ಣವಷ್ಟೇ ಉಳಿದಿದೆ. ಗೋಲಿ ಬಚ್ಚಲಿಗೆ. ನೀರು ಹೋಗುವ ಬಾಯಿಯ ಕಡೆ ಉರುಳದೆ ಬಾಗಿಲ ಕಡೆ ಉರುಳಿದರೆ ಇಡೀ ಬಚ್ಚಲು ಒಡೆಯುವ ಖರ್ಚು ಹಿಡಿದುಕೊಳ್ಳಿ.

ಮನೆಯೆಲ್ಲ ಹಳೆ ಬಣ್ಣವಿದ್ದು ಒಂದೇ ಗೋಡೆ ಹೊಸದಾಗಿ ಹೊಳೆಯುತ್ತಿದ್ದರೆ ಆ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಬೀರು ಸರಿಸಿ ಹಿಂದೆ ನೋಡಿ. ಸಾಧ್ಯವಾದರೆ ಮಳೆ ಬಂದ ಮಾರನೇ ದಿನ ಇನ್ನೊಮ್ಮೆ ಹೋಗಿ.

ಚಾವಣಿಯ ತಳದಲ್ಲಿ ಉದ್ದುದ್ದ ಗೆರೆ ಬಿದ್ದು, ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಕಂಬಿ ತುಕ್ಕು ಹಿಡಿದಾಗ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ತಳ್ಳುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಒಂದು ಮಳೆಗಾಲ ನಿಲ್ಲುತ್ತದೆ, ಅಷ್ಟೇ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಖರ್ಚು ಹೇಳುವವರೆಗೆ ಮುಂಗಡ ಕೊಡಬೇಡಿ.

ಕಾಗದಪತ್ರದಲ್ಲಿ ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಮೂಲ ಕ್ರಯಪತ್ರ, ಇ-ಖಾತಾ, ಕಂದಾಯ ಕಟ್ಟಿದ ರಸೀದಿ, ಬೆಸ್ಕಾಂ ಬಾಕಿ, ಮಂಜೂರಾದ ನಕ್ಷೆ, ಬಡಾವಣೆಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ. ನೀವು ಸಾಲವಿಲ್ಲದೆ ಕೊಂಡರೂ ನಿಮ್ಮಿಂದ ಕೊಳ್ಳುವವರು ಬ್ಯಾಂಕ್ ಸಾಲಕ್ಕೆ ಹೋಗುವವರೇ. ಅವರ ಬ್ಯಾಂಕಿನ ವಕೀಲರು ಒಪ್ಪದ ಮನೆಗೆ ಇಟಾಲಿಯನ್ ಮಾರ್ಬಲ್ ಹಾಕಿದರೂ ಗಿರಾಕಿ ಇಲ್ಲ.

ಯಾವುದು ನಿಮ್ಮ ಕೈಗೆ, ಯಾವುದು ಕೆಲಸದವರಿಗೆ

ಒಡೆಯುವುದು, ಕೆರೆಯುವುದು, ಮಾಳಿಗೆಯ ಕೋಟಿಂಗ್, ಬಚ್ಚಲಿನ ವಾಟರ್‌ಪ್ರೂಫಿಂಗ್, ಹಳೆ ಟೈಲ್ ಮೇಲೆ ಹೊಸ ಟೈಲ್, ಬಾಗಿಲು ಉಜ್ಜಿ ಪಾಲಿಶ್, ಪುಟ್ಟಿ, ಬಣ್ಣ: ಇವು ನಿಮ್ಮವು. ತಾಳ್ಮೆ ಇದ್ದರೆ ಕೆಲಸದವರಿಗಿಂತ ಚೆನ್ನಾಗಿಯೇ ಬರುತ್ತವೆ, ಏಕೆಂದರೆ ಗುತ್ತಿಗೆ ಹಿಡಿದವರಿಗೆ ಒಣಗುವವರೆಗೆ ಕಾಯುವ ಪುರುಸೊತ್ತಿರುವುದಿಲ್ಲ.

ವೈರಿಂಗ್ ಲೈಸೆನ್ಸ್ ಇರುವವರಿಗೆ. ಇಡೀ ಗೋಡೆಯ ಗಾರೆ, ಸ್ಯಾನಿಟರಿ ಲೈನಿನ ಇಳಿಜಾರು, ಎರಡನೇ ಅಂತಸ್ತಿನ ಹೊರಗೋಡೆ ಬಣ್ಣ ಆಯಾ ಕೆಲಸದವರಿಗೆ. ಗೋಡೆ ತೆಗೆಯುವುದು ಎಂಜಿನಿಯರ್ ಹೇಳಿದ ಮೇಲೆ ಮಾತ್ರ. ಇಲ್ಲಿನ ಹಳೆ ಮನೆಗಳಲ್ಲಿ ಕಾಲಂ (ಕಾಂಕ್ರೀಟ್ ಕಂಬ) ಇಲ್ಲದವು ಬಹಳ. ಒಂಬತ್ತಿಂಚಿನ ಗೋಡೆಯೇ ಚಾವಣಿ ಹೊತ್ತಿರುತ್ತದೆ. ‘ಹಾಲ್ ದೊಡ್ಡದಾಗಿ ಕಾಣ್ಲಿ’ ಎಂದು ಅಡುಗೆಮನೆ ಗೋಡೆಗೆ ಹಾರೆ ಹಾಕಿದರೆ ಅದು ಒಡೆಯುವ ಕೆಲಸವಲ್ಲ, ಅಪಘಾತ. ನಾಲ್ಕೂವರೆ ಇಂಚಿನ ಗೋಡೆ ಕೂಡ, ವರ್ಷಗಳಿಂದ ಬಾಗಿದ ಚಾವಣಿಗೆ ತಾನೇ ಊರುಗೋಲಾಗಿ ನಿಂತಿರಬಹುದು.

ಕೆಲಸದ ಕ್ರಮ ಹೀಗಿರಲಿ: ಮಾಳಿಗೆ ಮತ್ತು ಹೊರಗಿನ ನೀರು, ಒಡೆಯುವುದು, ಪೈಪು ಮತ್ತು ವೈರಿನ ಕೊಳವೆ, ಗಾರೆ, ಬಚ್ಚಲು, ನೆಲ, ಬಾಗಿಲು, ಬಣ್ಣ, ಕೊನೆಗೆ ನಲ್ಲಿ-ಸ್ವಿಚ್ಚು. ಗಿರಾಕಿ ಬೇಗ ನೋಡಲು ಬರುತ್ತಾರೆಂದು ಬಣ್ಣವನ್ನು ಮುಂದಕ್ಕೆ ಎಳೆದವರು ಎರಡು ಸಲ ಬಣ್ಣ ಬಳಿಯುತ್ತಾರೆ.

ಮಾಳಿಗೆ: ಮೊದಲ ಹಣ ಇಲ್ಲಿಗೆ

ನಾಲ್ಕು ಬಕೆಟ್ ನೀರು ಸುರಿದು ಒಂದು ಗಂಟೆ ಬಿಡಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನೀರು ತಡೆಯಲು ಹಚ್ಚುವ ಕೋಟಿಂಗ್ ಅನ್ನುವುದು ತೆಳುವಾದ ಚರ್ಮ ಇದ್ದಂತೆ. ಅದರ ಮೇಲೆ ತಿಂಗಳುಗಟ್ಟಲೆ ನೀರು ನಿಂತರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮೊದಲು ತಗ್ಗು ತುಂಬಿಸಿ, ನೂರಕ್ಕೆ ಒಂದರ ಇಳಿಜಾರು ತನ್ನಿ. ಹತ್ತು ಅಡಿಗೆ ಒಂದೂಕಾಲು ಇಂಚು ಎಂದರೆ ಸಾಕು.

ಪಾಚಿಯಿದ್ದರೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ರಾತ್ರಿ ಬಿಟ್ಟು, ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಆಮೇಲೆ ಬಿರುಕು. ಕೂದಲೆಳೆಯ ಬಿರುಕಿನ ಮೇಲೆ ಹಾಗೆಯೇ ಸಿಮೆಂಟ್ ಸವರಿದರೆ ಹಿಡಿಯಲು ಅದಕ್ಕೆ ಜಾಗವೇ ಇರುವುದಿಲ್ಲ. ಉಳಿಯಿಂದಲೋ ಗ್ರೈಂಡರ್‌ನಿಂದಲೋ ಬಿರುಕಿನುದ್ದಕ್ಕೂ 10 ಮಿ.ಮೀ. ಅಗಲ, 10 ಮಿ.ಮೀ. ಆಳದ ‘ವಿ’ ಆಕಾರದ ಕಾಲುವೆ ತೆಗೆಯಿರಿ. ಧೂಳನ್ನು ಬ್ರಷ್‌ನಿಂದ ಪೂರ್ತಿ ತೆಗೆದು ಒದ್ದೆ ಮಾಡಿ. ಎಸ್‌ಬಿಆರ್ ಲ್ಯಾಟೆಕ್ಸ್ (ಗಾರೆಗೆ ಬೆರೆಸುವ ಹಾಲಿನಂಥ ಅಂಟು ದ್ರವ), ನೀರು ಸಮಸಮ ಬೆರೆಸಿ ಅದಕ್ಕೆ ಸಿಮೆಂಟ್ ಕಲೆಸಿ, ಕೆನೆಯಷ್ಟು ದಪ್ಪದ ತಿಳಿಯನ್ನು ಕಾಲುವೆಗೆ ಸವರಿ. ಅದು ಅಂಟಂಟಾಗಿ ಇರುವಾಗಲೇ ಮೇಲೆ ಗಾರೆ ತುಂಬಬೇಕು. ತಿಳಿ ಒಣಗಿದರೆ ಅಂಟಿಸುವ ಬದಲು ಬೇರ್ಪಡಿಸುವ ಪದರವೇ ಆಗುತ್ತದೆ. ತುಂಬುವ ಗಾರೆಗೆ 5 ಕೆ.ಜಿ. ಸಿಮೆಂಟ್, 15 ಕೆ.ಜಿ. ಜರಡಿ ಹಿಡಿದ ಮರಳು, ಅರ್ಧ ಲೀಟರ್ ಲ್ಯಾಟೆಕ್ಸ್. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಚಾವಣಿಯೂ ಪ್ಯಾರಪೆಟ್ ಗೋಡೆಯೂ ಸೇರುವ ಮೂಲೆಯ ಬಿರುಕು ಬೇರೆ ಜಾತಿಯದು. ಬಿಸಿಲಿಗೆ ಚಾವಣಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಆ ಬಿರುಕು ದಿನವೂ ಉಸಿರಾಡುತ್ತದೆ. ಅಲ್ಲಿ ಗಟ್ಟಿ ಗಾರೆ ಒಂದೇ ಬೇಸಿಗೆಗೆ ಸೀಳುತ್ತದೆ. ಎಳೆದರೆ ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ಒತ್ತಿ, ಅದರ ಮೇಲೆ ಎರಡು ಇಂಚಿನ ಗೋಳ (ಮೂಲೆ ಚೂಪಾಗಿರದಂತೆ ತುಂಬುವ ದುಂಡನೆಯ ಗಾರೆ) ಕಟ್ಟಿ. ಮಳೆನೀರಿನ ಪೈಪು ಚಾವಣಿಗೆ ಸೇರುವ ಬಾಯಿ ಇನ್ನೊಂದು ಕುಖ್ಯಾತ ಜಾಗ. ಸುತ್ತ ಮೂರು ಇಂಚು ಕಿತ್ತು ಅದೇ ಗಾರೆಯಲ್ಲಿ ಮತ್ತೆ ಕೂರಿಸಿ.

ಕೋಟಿಂಗ್‌ಗೆ ಮೊದಲು ಒಂದು ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಸಂಜೆ ಮಾಳಿಗೆಗೆ ಅಂಟಿಸಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಚಾವಣಿ ಇನ್ನೂ ನೀರು ಉಗುಳುತ್ತಿದೆ. ಆಗ ಹಚ್ಚಿದ ಕೋಟಿಂಗ್ ಬಿಸಿಲೇರಿದಾಗ ಹಪ್ಪಳದಂತೆ ಉಬ್ಬುತ್ತದೆ. ಹನಿ ಇಲ್ಲವಾದರೆ ಶುರುಮಾಡಿ: ಮೊದಲ ಕೋಟ್ ನೀರು ಬೆರೆಸಿ ತೆಳ್ಳಗೆ, ಎರಡನೇ ಕೋಟ್ ಹಸಿಯಿರುವಾಗಲೇ ಗಾಜಿನ ನಾರಿನ ಜಾಲರಿ ಹಾಸಿ ರೋಲರ್‌ನಿಂದ ಒತ್ತಿ, ಮೂರನೇ ಕೋಟ್ ಅಡ್ಡ ದಿಕ್ಕಿಗೆ. ಪ್ಯಾರಪೆಟ್ ಮೇಲೂ ಒಂದು ಅಡಿ ಏರಿಸಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಇಲ್ಲಿನ ಮಾಳಿಗೆ ಕಾದ ಹಂಚು. ಹಚ್ಚುತ್ತಿದ್ದಂತೆ ಮೇಲ್ಮೈ ಮಾತ್ರ ಒಣಗಿ ಕೆಳಗೆ ಹಸಿ ಉಳಿಯುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ.

ಚಿತ್ರದುರ್ಗದ ಹಳೆ ಓಣಿಗಳಲ್ಲಿ, ಇಲ್ಲಿನ ಹಳೇಪೇಟೆಯಲ್ಲಿ ಸಿಗುವ ತೊಲೆ-ಜಂತೆಯ ಮಣ್ಣಿನ ಮಾಳಿಗೆಗೆ ಮೇಲಿನ ಯಾವುದೂ ಅನ್ವಯಿಸದು. ಅದರ ಮೇಲೆ ಕಾಂಕ್ರೀಟ್ ಸುರಿದರೆ ತೂಕ ತೊಲೆಗೆ ಬೀಳುತ್ತದೆ. ಮೊದಲ ಮನೆಗೆ ಅಂಥದ್ದನ್ನು ಕೊಳ್ಳಬೇಡಿ.

ಸೌಳು ಮತ್ತು ಎರೆ ಮಣ್ಣು

ನೆಲದಿಂದ ಎರಡು-ಮೂರು ಅಡಿ ಎತ್ತರಕ್ಕೆ ಬಣ್ಣ ಉದುರಿ, ಬಿಳಿ ಪುಡಿ ಕಟ್ಟಿದ್ದರೆ ಅದು ಸೌಳು. ತಳಪಾಯದಿಂದ ಇಟ್ಟಿಗೆ ನೀರು ಹೀರುತ್ತದೆ. ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಆ ಉಪ್ಪು ಹರಳುಗಟ್ಟಿ ಗಾರೆಯನ್ನು ಒಡೆಯುತ್ತದೆ. ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಅದನ್ನು ಟೈಲ್ ಹಚ್ಚಿ ಮುಚ್ಚುವುದು. ಆರಲು ದಾರಿ ಸಿಗದ ನೀರು ಟೈಲ್ ದಾಟಿ ಮೇಲಕ್ಕೇರಿ, ಮೂರು ಅಡಿ ಇದ್ದ ಕಲೆ ಐದು ಅಡಿಯಲ್ಲಿ ಕಾಣಿಸುತ್ತದೆ.

ಮೊದಲು ಮೂಲ ಹುಡುಕಿ: ಸೋರುವ ನಲ್ಲಿ ಪೈಪು, ಗೋಡೆಗೆ ಒತ್ತಿಕೊಂಡ ಹೂಕುಂಡದ ಕಟ್ಟೆ, ಮನೆಯ ನೆಲಕ್ಕಿಂತ ಎತ್ತರವಾದ ರಸ್ತೆ. ಡಾಂಬರಿನ ಮೇಲೆ ಡಾಂಬರು ಬಿದ್ದು ಹಳೆ ಬಡಾವಣೆಗಳಲ್ಲಿ ಕೊನೆಯದೇ ಹೆಚ್ಚು. ಮೂಲ ನಿಲ್ಲಿಸಿದ ಮೇಲೆ, ಕಲೆಯ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಗಾರೆ ಕಿತ್ತು, ಇಟ್ಟಿಗೆ ಸಂದುಗಳನ್ನು ಅರ್ಧ ಇಂಚು ಕೆರೆಯಿರಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದಲೇ ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೆ ಹೋಗುತ್ತದೆ. ಮೂರು ವಾರವಾದರೂ ಗಾಳಿಗೆ ಬಿಡಿ. ಅಷ್ಟರಲ್ಲಿ ಬೇರೆ ಕೆಲಸ ಮುಗಿಸಿಕೊಳ್ಳಬಹುದು, ಆದ್ದರಿಂದ ಇದನ್ನು ಮೊದಲ ವಾರವೇ ಕೀಳಬೇಕು. ಮರುಗಾರೆಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳಿನ 1:4 ಮಿಶ್ರಣ, ಪ್ರತಿ ಚೀಲ ಸಿಮೆಂಟಿಗೆ 200 ಮಿ.ಲೀ. ವಾಟರ್‌ಪ್ರೂಫಿಂಗ್ ದ್ರವ. ಅರ್ಧ ಇಂಚು ದಪ್ಪಕ್ಕೆ 100 ಚದರಡಿಗೆ ಒಂದು ಚೀಲ ಸಿಮೆಂಟ್, 5 ಘನ ಅಡಿ ಪಿ-ಸ್ಯಾಂಡ್ (ಗಾರೆಗೆಂದೇ ಬರುವ ನುಣ್ಣನೆಯ ಮರಳು) ಹಿಡಿದುಕೊಳ್ಳಿ. ಏಳು ದಿನ ನೀರು ಹೊಡೆಯಿರಿ. ಮಣ್ಣಿನ ಗೋಡೆಯಾದರೆ ಸಿಮೆಂಟ್ ಗಾರೆ ಬೇಡವೇ ಬೇಡ, ಸುಣ್ಣದ ಗಾರೆಯೇ ಆಗಬೇಕು. ಮಣ್ಣು ಹಿಗ್ಗಿ ಕುಗ್ಗುವ ರೀತಿಗೆ ಸಿಮೆಂಟ್ ಹೊಂದಿಕೊಳ್ಳದೆ ಹಲಗೆಯಂತೆ ಕಳಚಿ ಬೀಳುತ್ತದೆ.

ಇನ್ನು ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿಯುವ ಬಿರುಕು. ಹತ್ತಿ ಬೆಳೆದ ಸೀಮೆ ಇದು, ನಗರದ ಕೆಲವೆಡೆ ಅಡಿಪಾಯದ ಕೆಳಗೆ ಎರೆ ಮಣ್ಣಿದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಮನೆಯನ್ನೂ ಜೊತೆಗೆ ಎತ್ತಿ ಇಳಿಸುತ್ತದೆ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯ ಎರಡೂ ತುದಿಗೆ ಎಪಾಕ್ಸಿ ಹಚ್ಚಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಸೀಳಿದರೆ ಬಿರುಕು ಜೀವಂತ, ಎಂಜಿನಿಯರ್ ಕರೆಸಿ. ನಿಮ್ಮ ಕೈಯಲ್ಲಾಗುವ ಮದ್ದು ಒಂದೇ: ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ, ಗೋಡೆಯಿಂದ ಆಚೆಗೆ ಒಂದು ಇಂಚು ಇಳಿಜಾರಾಗಿ. ಮಣ್ಣಿನ ತೇವ ಏರಿಳಿಯದಿದ್ದರೆ ಮಣ್ಣೂ ಏರಿಳಿಯದು.

ಬಚ್ಚಲು

ಕೊಳ್ಳುವವರು ಬಂದಾಗ ಮನೆಯೊಡತಿ ಮೊದಲು ನೋಡುವುದು ಅಡುಗೆಮನೆ, ಎರಡನೆಯದು ಬಚ್ಚಲು. ಮಾರಿದ ಮೇಲೆ ಜಗಳ ಬರುವುದೂ ಬಚ್ಚಲಿನಿಂದಲೇ. ಇಲ್ಲಿ ಹಳೆ ಟೈಲ್ ಮೇಲೆ ಹೊಸ ಟೈಲ್ ಹಾಕುವ ಆಸೆ ಬೇಡ, ನೆಲವನ್ನು ಅಡಿಯ ಕಾಂಕ್ರೀಟ್ ಕಾಣುವವರೆಗೂ ಕೀಳಿ.

ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಒಂದು ಕಡೆ ಕತ್ತರಿಸಿ ನೋಡಿದರೆ ಬೋರ್‌ವೆಲ್‌ನ ಗಡಸು ನೀರು ಮಾಡಿದ್ದು ಕಾಣುತ್ತದೆ. ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟೇ ದಾರಿ. ಬಿಸಿ, ತಣ್ಣೀರು ಎರಡಕ್ಕೂ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪು ಹಾಕಿಸಿ. ಕೊಯ್ದ ತುದಿಯ ಮುಳ್ಳು ಕೆರೆದು, ಸಾಲ್ವೆಂಟ್ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸಿ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಬಿಟ್ಟ ಕೂಡಲೇ ಪೈಪು ಹಿಂದಕ್ಕೆ ಜಾರುವುದೇ ಜಾಯಿಂಟ್ ಸೋರಲು ಮುಖ್ಯ ಕಾರಣ. ಗೋಡೆ ಮುಚ್ಚುವ ಮೊದಲು ನೀರು ತುಂಬಿ 24 ಗಂಟೆ ಬಿಡಿ. ಪ್ರತಿ ಗೋಡೆಗೂ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆಯಿರಿ.

ನೆಲದ ಗಾರೆಗೆ ಇಳಿಜಾರು ಮೀಟರಿಗೆ 12 ಮಿ.ಮೀ. ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ ಹೆಬ್ಬೆರಳಿನಿಂದ ಎಳೆದಂಥ ಒಂದು ಇಂಚಿನ ಗೋಳ. ಮೂಲೆ ಚೂಪಾಗಿದ್ದರೆ ಕೋಟಿಂಗ್ ಅಲ್ಲಿ ತೆಳುವಾಗಿ ಸೀಳುತ್ತದೆ. ಗಾರೆ ಗಟ್ಟಿಯಾದ ಮೇಲೆ ಪುಡಿ, ದ್ರವ ಎರಡು ಡಬ್ಬಿಯಲ್ಲಿ ಬರುವ ಪಾಲಿಮರ್ ಸಿಮೆಂಟ್ ಕೋಟಿಂಗ್ ತನ್ನಿ. ದ್ರವಕ್ಕೆ ಪುಡಿಯನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕಲೆಸಬೇಕು, ಪುಡಿಗೆ ದ್ರವ ಸುರಿದರೆ ಗಂಟು ಕಟ್ಟುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸುವಷ್ಟೇ ಕಲೆಸಿ. ಮೊದಲ ಕೋಟ್ ಉದ್ದಕ್ಕೆ, ನಾಲ್ಕೈದು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದು ಅಡಿ, ಸ್ನಾನ ಮಾಡುವ ಕಡೆ ಆರು ಅಡಿ ಎತ್ತರಕ್ಕೆ. ಹೊಸ್ತಿಲನ್ನು ಮರೆಯಬೇಡಿ, ಪಕ್ಕದ ಕೋಣೆಯ ಗೋಡೆ ಬುಡ ನೆನೆಯುವುದು ಅಲ್ಲಿಂದಲೇ.

ಮೂರು ದಿನ ಬಿಟ್ಟು ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ. 48 ಗಂಟೆ. ಕೆಳಗಿನ ಚಾವಣಿಯಲ್ಲಿ ಕಲೆ ಬಾರದಿದ್ದರೆ ಟೈಲ್‌ಗೆ ಹೋಗಿ. ಟೈಲ್ ಹಾಕುವವರು ಉಳಿ ಬಡಿದು ಇದೇ ಕೋಟಿಂಗ್ ತೂತು ಮಾಡುವುದುಂಟು. ಆದ್ದರಿಂದ ಮೇಲೆ ಕೂಡಲೇ ಒಂದು ತೆಳು ಗಾರೆ ಎಳೆದುಬಿಡಿ.

ನೆಲ

ಹಾಲ್, ಕೋಣೆಗಳಲ್ಲಿ ಹಳೆ ಮೊಸಾಯಿಕ್ ಅಥವಾ ಟೈಲ್ ಗಟ್ಟಿಯಾಗಿದ್ದರೆ ಕೀಳುವ ಅಗತ್ಯವಿಲ್ಲ. ಅಂದಹಾಗೆ, ಹಳೆ ಮೊಸಾಯಿಕ್ ಚೆನ್ನಾಗಿದ್ದರೆ ಪಾಲಿಶ್ ಮಾಡಿಸಿ ಹಾಗೆಯೇ ಬಿಡುವುದು ಹಣಕ್ಕೂ ಕಣ್ಣಿಗೂ ಒಳ್ಳೆಯದು. ಟೈಲೇ ಹಾಕುವುದಾದರೆ ನಾಣ್ಯದಿಂದ ಪ್ರತಿಯೊಂದನ್ನೂ ತಟ್ಟಿ, ‘ಡೊಬ್’ ಎಂದವನ್ನು ಕಿತ್ತು ಗಾರೆ ತುಂಬಿ. ಉಳಿದವುಗಳ ಹೊಳಪನ್ನು ಗ್ರೈಂಡರ್‌ನಿಂದ ಗೀರಿ, ಸೋಪಿನ ಜಿಡ್ಡು ತೊಳೆಯಿರಿ. ಸಾದಾ ಸಿಮೆಂಟ್ ಹೊಳಪಿನ ಮೈಗೆ ಹಿಡಿಯುವುದಿಲ್ಲ. ಟೈಲ್ ಮೇಲೆ ಟೈಲ್‌ಗೆಂದೇ ಬರುವ ಪಾಲಿಮರ್ ಅಂಟು ಬೇಕು. 20 ಕೆ.ಜಿ. ಚೀಲ 3 ಮಿ.ಮೀ. ದಪ್ಪಕ್ಕೆ 45ರಿಂದ 50 ಚದರಡಿ ಬರುತ್ತದೆ.

ಹಲ್ಲಿನ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಎಳೆಯಿರಿ. ಎರಡು ಅಡಿಯ ಟೈಲಿಗೆ ಹಿಂಭಾಗಕ್ಕೂ ತೆಳ್ಳಗೆ ಸವರಿ. ಐದು ಮುದ್ದೆ ಇಟ್ಟು ಒತ್ತಿದರೆ ನಡುವೆ ಟೊಳ್ಳು ಉಳಿದು, ಒಂದು ದಿನ ಸಿಲಿಂಡರ್ ಇಳಿಸಿದಾಗ ಒಡೆಯುತ್ತದೆ. ಹತ್ತು ಟೈಲಿಗೊಮ್ಮೆ ಒಂದನ್ನು ಎತ್ತಿ ನೋಡಿ, ಹಿಂಭಾಗವೆಲ್ಲ ಅಂಟು ಹಿಡಿದಿರಬೇಕು. ಸಂದು 2 ಮಿ.ಮೀ., ಗೋಡೆಯ ಬುಡದಲ್ಲಿ 5 ಮಿ.ಮೀ. ಖಾಲಿ. ನೆಲ ಅರ್ಧ ಇಂಚು ಏರುತ್ತದೆ. ಬಾಗಿಲ ತಳ ಕೊಯ್ಯಬೇಕು, ಬಚ್ಚಲಿನ ಹೊಸ್ತಿಲು ಲೆಕ್ಕ ಹಾಕಬೇಕು. ಇದನ್ನು ಬಾಗಿಲಿಗೆ ಪಾಲಿಶ್ ಹೊಡೆದ ಮೇಲೆ ನೆನಪಿಸಿಕೊಂಡರೆ ಬಡಗಿಗೆ ಎರಡು ಕೂಲಿ.

ಕರೆಂಟ್, ಸಂಪು

ಮರದ ಬೋರ್ಡು, ಪಿಂಗಾಣಿ ಫ್ಯೂಸು, ಅಲ್ಯೂಮಿನಿಯಂ ವೈರು ಇದ್ದರೆ ಪೂರ್ತಿ ಬದಲಾಯಿಸಿ. ದೀಪಕ್ಕೆ 1.5, ಪ್ಲಗ್‌ಗೆ 2.5, ಗೀಸರ್-ಎಸಿಗೆ 4 ಚದರ ಮಿ.ಮೀ. ತಾಮ್ರದ ವೈರು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತವಾಗುವ ಸ್ವಿಚ್ಚು), ಹೊಸ ಅರ್ಥಿಂಗ್ ಗುಂಡಿ. ಗೋಡೆ ಕೊರೆಯುವ ಕೆಲಸ ನೀವು ಮಾಡಿ ಕೂಲಿ ಉಳಿಸಬಹುದು. ಗೆರೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇರಲಿ. ಒಂಬತ್ತಿಂಚಿನ ಗೋಡೆಯಲ್ಲೂ ಉದ್ದಕ್ಕೆ ಅಡ್ಡಲಾಗಿ ಕೊರೆದರೆ ಗೋಡೆಯ ಬಲ ಕುಗ್ಗುತ್ತದೆ.

ಪಾಲಿಕೆ ನೀರು ದಿನಾ ಬಾರದ ಬೀದಿಗಳಲ್ಲಿ ‘ಸಂಪು ಎಷ್ಟು ಲೀಟರ್?’ ಎಂಬುದು ಕೊಳ್ಳುವವರ ಮೊದಲ ಪ್ರಶ್ನೆ. 6×6 ಅಡಿ ಅಗಲ, 5 ಅಡಿ ಆಳವಿದ್ದರೆ 180 ಘನ ಅಡಿ, ಸುಮಾರು 5,100 ಲೀಟರ್. ತುಂಬಿಸಿ, ವಾಲ್ವ್ ಮುಚ್ಚಿ, ಮಟ್ಟ ಗುರುತಿಸಿ ಒಂದು ದಿನ ಬಿಟ್ಟರೆ ಸೋರಿಕೆ ಗೊತ್ತಾಗುತ್ತದೆ. ಬಹಳ ದಿನ ಮುಚ್ಚಿದ್ದ ಸಂಪಿಗೆ ಮುಚ್ಚಳ ತೆರೆದ ತಕ್ಷಣ ಇಳಿಯಬೇಡಿ. ಅಲ್ಲಿ ಉಸಿರಾಡುವ ಗಾಳಿ ಇರದಿರಬಹುದು. ಗಂಟೆಗಟ್ಟಲೆ ತೆರೆದಿಟ್ಟು, ಫ್ಯಾನ್ ಹಾಕಿ, ಮೇಲೊಬ್ಬರು ನಿಂತಿದ್ದಾಗಲೇ ಇಳಿಯಿರಿ.

ಬಣ್ಣ: ಮುಕ್ಕಾಲು ಪಾಲು ಕೆರೆಯುವ ಕೆಲಸ

ಹೊಸ ಗಾರೆಗೆ 28 ದಿನ ಆಗದೆ ಬಣ್ಣ ಬೇಡ, ಒಳಗಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಹಳೆ ಗೋಡೆಗೆ ಒದ್ದೆ ಬೆರಳು ಉಜ್ಜಿ ನೋಡಿ. ಬಿಳಿ ಅಂಟಿದರೆ ಅಡಿಯಲ್ಲಿ ಸುಣ್ಣವೋ ಡಿಸ್ಟೆಂಪರೋ ಇದೆ. ಅದನ್ನು ನೀರು ಚಿಮುಕಿಸಿ ಉಕ್ಕಿನ ಪಟ್ಟಿಯಿಂದ ಪೂರ್ತಿ ಕೆರೆಯಲೇಬೇಕು. ಅದರ ಮೇಲೆ ಹಚ್ಚಿದ ಪುಟ್ಟಿ ವರ್ಷದೊಳಗೆ ದೋಸೆಯಂತೆ ಏಳುತ್ತದೆ.

ಬಾಗಿಲು, ಕಿಟಕಿ ಸರಳಿನ ಹಳೆ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ ಇಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದನ್ನು ಒಣ ಮರಳುಕಾಗದದಿಂದ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ಕರೆತರಬೇಡಿ. ಹಿತ್ತಲಲ್ಲಿ ಹಳೆ ಸಿಮೆಂಟ್ ಶೀಟ್ ಇದ್ದರೆ ಅದರಲ್ಲಿ ಕಲ್ನಾರು ಇರುತ್ತದೆಂದೇ ತಿಳಿದು, ನೀರು ಹಾಕಿ ನೆನೆಸಿ, ಒಡೆಯದೆ ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ. ಸಾಗವಾನಿ, ಹೊನ್ನೆ ಚೌಕಟ್ಟುಗಳು ಸಿಕ್ಕರೆ ಬಣ್ಣ ತೆಗೆದು ಪಾಲಿಶ್ ಮಾಡಿ, ಹೊಸ ಫ್ಲಶ್ ಡೋರ್‌ಗಿಂತ ಅವೇ ಬೆಲೆ ತರುತ್ತವೆ.

10×12ರ ಕೋಣೆ, ಎತ್ತರ ಹತ್ತು ಅಡಿ: ಗೋಡೆ 440 ಚದರಡಿ, ಬಾಗಿಲು-ಕಿಟಕಿ 60 ಕಳೆದರೆ 380, ಮೇಲಿನ ಚಾವಣಿ 120. ಪುಟ್ಟಿ ಎರಡು ಕೋಟ್‌ಗೆ 40 ಕೆ.ಜಿ.ಯ ಒಂದು ಚೀಲ 400ರಿಂದ 500 ಚದರಡಿ ಹೋಗುತ್ತದೆ, ಅಂದರೆ ಈ ಕೋಣೆಗೆ ಒಂದು ಚೀಲ ಮತ್ತು ಸ್ವಲ್ಪ. ಎಮಲ್ಷನ್ ಎರಡು ಕೋಟ್‌ಗೆ ಲೀಟರಿಗೆ ಸುಮಾರು 70 ಚದರಡಿ, ಗೋಡೆಗೆ ಐದೂವರೆ ಲೀಟರ್. ಪುಟ್ಟಿ ಒಂದೊಂದು ಕೋಟೂ ಒಂದೂವರೆ ಮಿ.ಮೀ. ಮೀರದಿರಲಿ. ಗುಂಡಿಯನ್ನು ಪುಟ್ಟಿಯಿಂದ ತುಂಬಬೇಡಿ, ಅದು ಗಾರೆಯ ಕೆಲಸ. 120ರ ಮರಳುಕಾಗದ, ಆಮೇಲೆ 220. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದರೆ ಹಗಲಲ್ಲಿ ಕಾಣದ ಉಬ್ಬುತಗ್ಗೆಲ್ಲ ನೆರಳಾಗಿ ಎದ್ದು ಬರುತ್ತವೆ. ಪೆನ್ಸಿಲ್‌ನಿಂದ ಸುತ್ತು ಹಾಕಿ, ಬೆಳಿಗ್ಗೆ ಸರಿಮಾಡಿ. ಪ್ರೈಮರ್ ಒಂದು ಕೋಟ್, ಎಮಲ್ಷನ್ ಎರಡು, ನಡುವೆ ನಾಲ್ಕು ಗಂಟೆ. ಒಂದು ಗೋಡೆ ಶುರುಮಾಡಿದರೆ ಊಟಕ್ಕೆ ಏಳದೆ ಮುಗಿಸಿ. ಅರ್ಧಕ್ಕೆ ಬಿಟ್ಟ ಜಾಗದ ಅಂಚು ಒಣಗಿ ಗೆರೆಯಾಗಿ ಉಳಿಯುತ್ತದೆ. ಬಣ್ಣ ತಿಳಿಯಾಗಿರಲಿ. ನಿಮ್ಮ ರುಚಿಯ ಕಡುನೀಲಿ ಗೋಡೆ ನೋಡಿ ಗಿರಾಕಿ ಮನಸ್ಸಿನಲ್ಲೇ ಮೂವತ್ತು ಸಾವಿರ ಕಳೆಯುತ್ತಾರೆ.

ಮಾರಾಟ

ಫಾಲ್ಸ್ ಸೀಲಿಂಗ್, ಗೋಡೆಗಂಟಿಸುವ ಕಲ್ಲು, ಬಣ್ಣಬಣ್ಣದ ಎಲ್‌ಇಡಿ ಪಟ್ಟಿಗಳಿಗೆ ಹಾಕಿದ ಹಣ ಈ ಊರಿನ ಹಳೆ ಮನೆಯಲ್ಲಿ ಪೂರ್ತಿ ವಾಪಸು ಬರುವುದು ಅಪರೂಪ. ಅಡುಗೆಮನೆಯ ಗ್ರಾನೈಟ್ ಕಟ್ಟೆ, ಒಳ್ಳೆಯ ಸಿಂಕು, ಗಟ್ಟಿ ಗೇಟು, ಬೈಕು ಹತ್ತಿಸುವ ಇಳಿಜಾರು ಬರುತ್ತವೆ. ಈಶಾನ್ಯದಲ್ಲಿ ಶೌಚಾಲಯ ಇದ್ದರೆ ನಿಮ್ಮ ನಂಬಿಕೆ ಏನೇ ಇರಲಿ, ಗಿರಾಕಿಗಳಲ್ಲಿ ಬಹುಪಾಲು ಜನ ಹಿಂದೆ ಸರಿಯುತ್ತಾರೆ. ಇದನ್ನು ಕೊಳ್ಳುವಾಗಲೇ ಬೆಲೆಯಲ್ಲಿ ಕಳೆಯಿರಿ.

ಕಾಲವೂ ಲೆಕ್ಕವೇ. ದೀಪಾವಳಿಯ ಆಸುಪಾಸು ಕೊಂಡರೆ ಒಣ ಹವೆ ಸಿಗುತ್ತದೆ, ಗಾರೆ ಆರುತ್ತದೆ, ಯುಗಾದಿ-ಅಕ್ಷಯ ತೃತೀಯದ ಹೊತ್ತಿಗೆ ಮನೆ ಸಿದ್ಧ. ಆಷಾಢಕ್ಕೆ ಜಾರಿದರೆ ನೋಡಲು ಬರುವವರೇ ಕಡಿಮೆ, ಬಡ್ಡಿಗೆ ಮಾತ್ರ ಆಷಾಢ ಇಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದು ಕೊಡುತ್ತಾರೆ, ಅದನ್ನು ನಿಮ್ಮ ಪ್ಯಾನ್‌ಗೆ ಜಮೆ ಮಾಡಿದ್ದಾರೋ ನೋಡಿಕೊಳ್ಳಿ. ಮುಂಗಡವಾದರೂ ಸರಿ, 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಮುಟ್ಟಬೇಡಿ. ಆಸ್ತಿ ವ್ಯವಹಾರದಲ್ಲಿ ಅದಕ್ಕೆ ಅಷ್ಟೇ ಮೊತ್ತದ ದಂಡವಿದೆ.

ಮನೆ ತೋರಿಸುವಾಗ ಮೇಜಿನ ಮೇಲೆ ಒಂದು ಫೈಲ್ ಇಡಿ: ಬಚ್ಚಲಿನಲ್ಲಿ ನೀರು ನಿಲ್ಲಿಸಿದ ದಿನದ ಫೋಟೊ, ಗೋಡೆಯೊಳಗಿನ ಪೈಪು-ವೈರಿನ ಅಳತೆಯ ಫೋಟೊಗಳು, ಕೋಟಿಂಗ್ ಡಬ್ಬಿಯ ಬಿಲ್ಲು, ಉಳಿದ ಬಣ್ಣದ ಶೇಡ್ ನಂಬರು. ಜೊತೆಗೆ ಆರು ಟೈಲ್, ಒಂದು ಲೀಟರ್ ಬಣ್ಣ ಅಟ್ಟದ ಮೇಲಿರಲಿ. ಬೆಲೆ ಇಳಿಸಲು ಬಂದವರು ‘ಬಚ್ಚಲು ಸೋರಲ್ಲ ಅಂತ ಏನು ಗ್ಯಾರಂಟಿ?’ ಎಂದಾಗ ಬಾಯಿ ತೆರೆಯಬೇಕಿಲ್ಲ, ಫೈಲ್ ತೆರೆದರೆ ಆಯಿತು.